ಕೊರಡಿನಲ್ಲಿ ಮರ ಎಷ್ಟು ಉಳಿದಿದೆ: ಕೊಳೆಯುವಿಕೆ ಅಳೆಯುವ ಕೆಲಸದಲ್ಲಿ ನನ್ನ ಅನುಭವ

ಬಿದ್ದ ಮರಕ್ಕೆ ಟೇಪು ಹಿಡಿದರೆ ಗಾತ್ರ ಸಿಗುತ್ತದೆ, ಮರ ಸಿಗುವುದಿಲ್ಲ. 4 ಮೀಟರ್ ಉದ್ದ, 30 ಸೆಂ.ಮೀ. ದಪ್ಪದ ದಿಮ್ಮಿ ಮೊನ್ನೆ ಉರುಳಿದ್ದಾದರೂ ಅಷ್ಟೇ, ವರ್ಷಗಟ್ಟಲೆ ಮಳೆಗೆ ನೆನೆದು ಕುಂಬಾಗಿದ್ದರೂ ಅಷ್ಟೇ. ಲೆಕ್ಕದಲ್ಲಿ ಎರಡೂ 0.28 ಘನ ಮೀಟರ್. ಮೊದಲನೆಯದರ ಸಾಂದ್ರತೆ ಘನ ಸೆಂ.ಮೀ.ಗೆ 0.60 ಗ್ರಾಂ ಇದ್ದರೆ ಅದರಲ್ಲಿ ಸುಮಾರು 170 ಕಿಲೊ ಒಣ ಮರವಿದೆ. ಎರಡನೆಯದರ ಸಾಂದ್ರತೆ 0.25ಕ್ಕೆ ಇಳಿದಿದ್ದರೆ ಉಳಿದಿರುವುದು 70 ಕಿಲೊ. ಮಿಕ್ಕ ನೂರು ಕಿಲೊದಲ್ಲಿ ಬಹುಪಾಲು ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗಿ ಹೋಗಿದೆ, ಸ್ವಲ್ಪ ಮಣ್ಣಿಗೆ ಸೇರಿದೆ, ಸ್ವಲ್ಪ ಹುಳುಗಳ ಮೈ ಸೇರಿದೆ. ಸತ್ತ ಮರದ ಸಮೀಕ್ಷೆ ಎಂದು ಬರುವ ವರದಿಗಳಲ್ಲಿ ಹೆಚ್ಚಿನವು ಹೆಕ್ಟೇರಿಗೆ ಇಷ್ಟು ಘನ ಮೀಟರ್ ಎನ್ನುವಲ್ಲಿಗೆ ನಿಲ್ಲುತ್ತವೆ. ಆ ಅಂಕಿ ಬೇಕು, ಆದರೆ ಕೊಳೆಯುವಿಕೆಯ ಬಗ್ಗೆ ಅದೊಂದೇ ಏನನ್ನೂ ಹೇಳುವುದಿಲ್ಲ. ಗಾತ್ರ, ಕೊಳೆತದ ಹಂತ, ಕೊಳೆತದ ಬಗೆ, ಸಾಂದ್ರತೆ ಈ ನಾಲ್ಕನ್ನೂ ಒಂದೇ ಕೊರಡಿನ ಮೇಲೆ ನಾನು ಹೇಗೆ ಹಿಡಿಯುತ್ತೇನೆ, ಎಲ್ಲಿ ಎಡವಟ್ಟಾಗುತ್ತದೆ ಎನ್ನುವುದನ್ನು ಇಲ್ಲಿ ಬರೆದಿದ್ದೇನೆ.

ಗೆರೆ ಎಳೆಯುವುದು

ಬಿದ್ದ ದಿಮ್ಮಿಗಳಿಗೆ ಚೌಕ ಹಾಕಿ ಎಲ್ಲವನ್ನೂ ಅಳೆಯುತ್ತಾ ಕೂತರೆ ದಿನಕ್ಕೆ ಒಂದು ಚೌಕ ಮುಗಿಯುವುದೂ ಕಷ್ಟ. ಹಾಗಾಗಿ ಗೆರೆ ಹಾಯುವ ವಿಧಾನವನ್ನೇ ಬಳಸುತ್ತೇನೆ. ಕಡಿದು ಮುಗಿದ ಕಾಡಿನಲ್ಲಿ ಬಿಟ್ಟುಹೋದ ಮರವನ್ನು ಅಂದಾಜು ಮಾಡಲು ವಾರೆನ್ ಮತ್ತು ಓಲ್ಸೆನ್ 1964ರಲ್ಲಿ ಇದನ್ನು ಮುಂದಿಟ್ಟರು. 1968ರಲ್ಲಿ ವ್ಯಾನ್ ವ್ಯಾಗ್ನರ್ ಕೊಟ್ಟ ಸೂತ್ರ ಇವತ್ತಿಗೂ ಹಾಗೆಯೇ ಚಲಾವಣೆಯಲ್ಲಿದೆ. 100 ಮೀಟರ್ ಟೇಪನ್ನು ನೆಲಕ್ಕೆ ಬಿಗಿಯಾಗಿ ಎಳೆಯಿರಿ. ಟೇಪು ದಾಟುವ ಪ್ರತಿ ದಿಮ್ಮಿಯ ವ್ಯಾಸವನ್ನು, ದಾಟಿದ ಜಾಗದಲ್ಲೇ, ದಿಮ್ಮಿಗೆ ಅಡ್ಡಲಾಗಿ ಕ್ಯಾಲಿಪರ್ ಹಿಡಿದು ಸೆಂ.ಮೀ.ನಲ್ಲಿ ಬರೆದುಕೊಳ್ಳಿ. ಉದ್ದ ಅಳೆಯಬೇಕಿಲ್ಲ. ಎಲ್ಲ ವ್ಯಾಸಗಳ ವರ್ಗಗಳನ್ನು ಕೂಡಿ 1.234ರಿಂದ ಗುಣಿಸಿ, ಗೆರೆಯ ಉದ್ದದಿಂದ (ಮೀಟರ್‌ನಲ್ಲಿ) ಭಾಗಿಸಿದರೆ ನೇರವಾಗಿ ಹೆಕ್ಟೇರಿಗೆ ಘನ ಮೀಟರ್ ಬರುತ್ತದೆ. 100 ಮೀಟರ್‌ನಲ್ಲಿ 12, 18, 25, 31, 40 ಸೆಂ.ಮೀ. ದಿಮ್ಮಿಗಳು ಸಿಕ್ಕವು ಎನ್ನಿ. ವರ್ಗಗಳ ಮೊತ್ತ 3654. ಉತ್ತರ 45 ಘನ ಮೀಟರ್. 1.234 ಎಂದರೆ ಪೈ ವರ್ಗದ ಎಂಟನೇ ಒಂದು ಭಾಗ, ಬೇರೇನಲ್ಲ.

ಇದೇ ಲೆಕ್ಕದಲ್ಲಿ 40 ಸೆಂ.ಮೀ.ನ ಒಂದೇ ದಿಮ್ಮಿ ಒಟ್ಟು ಮೊತ್ತದ ಶೇ. 44ರಷ್ಟನ್ನು ಹೊತ್ತಿದೆ ಎನ್ನುವುದನ್ನು ಗಮನಿಸಿ. ವ್ಯಾಸ ವರ್ಗವಾಗುವುದರಿಂದ ದಪ್ಪ ದಿಮ್ಮಿ ಗೆರೆಗೆ ಸಿಕ್ಕಿತೇ ತಪ್ಪಿತೇ ಎನ್ನುವುದರ ಮೇಲೆ ಫಲಿತಾಂಶ ಓಲಾಡುತ್ತದೆ. ಒಂದೇ ಕಡೆ 500 ಮೀಟರ್ ಎಳೆಯುವುದಕ್ಕಿಂತ ಐದು ಕಡೆ ನೂರು ನೂರು ಮೀಟರ್ ಎಳೆಯುವುದು ಎಷ್ಟೋ ವಾಸಿ. ಒಂದೇ ಗಾಳಿಗೆ ಬಿದ್ದ ಮರಗಳೆಲ್ಲ ಒಂದೇ ದಿಕ್ಕಿಗೆ ತಲೆ ಹಾಕಿ ಮಲಗಿರುತ್ತವೆ. ಗೆರೆ ಅವಕ್ಕೆ ಸಮಾನಾಂತರವಾಗಿ ಹೋದರೆ ಒಂದೂ ಸಿಗುವುದಿಲ್ಲ, ಅಡ್ಡಲಾಗಿ ಹೋದರೆ ಬೇಕಾದ್ದಕ್ಕಿಂತ ಹೆಚ್ಚು ಸಿಗುತ್ತವೆ. ಸೂತ್ರವೋ ದಿಮ್ಮಿಗಳು ದಿಕ್ಕಾಪಾಲಾಗಿ ಬಿದ್ದಿವೆ ಎಂದೇ ನಂಬಿದೆ. ಅದಕ್ಕೇ ಗೆರೆಯನ್ನು ಸಮಬಾಹು ತ್ರಿಕೋನವಾಗಿ ಹಾಕುತ್ತೇನೆ. ಬಾಹು 33 ಮೀಟರ್ ಇದ್ದರೆ ಹತ್ತಿರ ಹತ್ತಿರ ನೂರು ಮೀಟರ್ ಆಗುತ್ತದೆ, ಹೊರಟ ಜಾಗಕ್ಕೇ ವಾಪಸ್ ಬಂದಿರುತ್ತೀರಿ.

ನಿಯಮಗಳನ್ನು ಹೊರಡುವ ಮೊದಲೇ ಬರೆದಿಟ್ಟುಕೊಳ್ಳದಿದ್ದರೆ ಇಬ್ಬರು ಒಂದೇ ಗೆರೆಯಲ್ಲಿ ಎರಡು ಉತ್ತರ ತರುತ್ತಾರೆ. ನನ್ನವು ಹೀಗಿವೆ. 10 ಸೆಂ.ಮೀ. ಮತ್ತು ಮೇಲ್ಪಟ್ಟದ್ದು ದಪ್ಪ ಮರ. 2.5ರಿಂದ 10 ಸೆಂ.ಮೀ. ತನಕದ ಕಡ್ಡಿಗಳನ್ನು ಗೆರೆಯ ಮೊದಲ 10 ಮೀಟರ್‌ನಲ್ಲಿ ಮಾತ್ರ ಎಣಿಸುತ್ತೇನೆ. ದಿಮ್ಮಿಯ ನಡುಅಕ್ಷವನ್ನು ಟೇಪು ದಾಟಿದರೆ ಲೆಕ್ಕ, ತುದಿ ಸವರಿಕೊಂಡು ಹೋದರೆ ಇಲ್ಲ. ಬಾಗಿದ ದಿಮ್ಮಿಯನ್ನೋ ಕವಲೊಡೆದದ್ದನ್ನೋ ಟೇಪು ಎರಡು ಬಾರಿ ದಾಟಿದರೆ ಎರಡು ನಮೂದು. ಇದನ್ನು ತಪ್ಪೆಂದು ಬಗೆದು ಒಂದನ್ನು ಬಿಡುವವರೇ ಹೆಚ್ಚು. ನೆಟ್ಟಗಿನಿಂದ 45 ಡಿಗ್ರಿಗಿಂತ ಹೆಚ್ಚು ವಾಲಿದ ಸತ್ತ ಮರ ಬಿದ್ದ ಮರವೆಂದೇ ಲೆಕ್ಕ, ಅದಕ್ಕಿಂತ ಕಡಿಮೆ ವಾಲಿದ್ದು ಒಣಗಿ ನಿಂತ ಮರ. ಟೊಳ್ಳಾಗಿದ್ದರೆ ಒಳವ್ಯಾಸವನ್ನೂ ಬರೆದು ಅದರ ವರ್ಗವನ್ನು ಕಳೆಯಬೇಕು. ಕೊಳೆತು ಚಪ್ಪಟೆಯಾದ ಕೊರಡಿಗೆ ಅಗಲ, ಎತ್ತರ ಎರಡನ್ನೂ ಅಳೆದು ಗುಣಿಸಿ ವರ್ಗಮೂಲ ತೆಗೆಯಬೇಕು. 40 ಅಗಲ, 18 ಎತ್ತರದ ಕೊರಡಿನ ವ್ಯಾಸ 27, 40 ಅಲ್ಲ. ಇಳಿಜಾರಿನಲ್ಲಿ ಗೆರೆಯ ಉದ್ದವನ್ನು ಸಮತಲಕ್ಕೆ ತಿದ್ದಿಕೊಳ್ಳಬೇಕು.

ಒಣಗಿ ನಿಂತ ಮರಗಳಿಗೆ ಮತ್ತು ಬೊಡ್ಡೆಗಳಿಗೆ ಗೆರೆ ಒಗ್ಗುವುದಿಲ್ಲ. ಅವಕ್ಕೆ ಗೊತ್ತಾದ ವಿಸ್ತೀರ್ಣದ ವೃತ್ತವೋ ಪಟ್ಟಿಯೋ ಬೇಕು. ಎದೆಮಟ್ಟದ ವ್ಯಾಸ, ಎತ್ತರ, ತುದಿ ಮುರಿದಿದೆಯೇ ಎನ್ನುವುದು, ಇಷ್ಟು ಸಾಕು. ಬುಡ ಬಾತುಕೊಂಡ ಮರದಲ್ಲಿ ಬಾತಿರುವ ಭಾಗದ ಮೇಲಕ್ಕೆ ಅಳೆಯಿರಿ.

ಚಾಕು ಹೇಳುವುದು, ಹೇಳದಿರುವುದು

ಕೊಳೆತವನ್ನು ಐದು ಹಂತಗಳಾಗಿ ವಿಂಗಡಿಸುವುದು ರೂಢಿ. ಒಂದನೆಯದರಲ್ಲಿ ತೊಗಟೆ ಗಟ್ಟಿ, ಸಣ್ಣ ರೆಂಬೆಗಳೂ ಇವೆ. ಎರಡರಲ್ಲಿ ತೊಗಟೆ ಸಡಿಲಾಗಿದೆ, ಮರ ಇನ್ನೂ ಗಟ್ಟಿ. ಮೂರರಲ್ಲಿ ತೊಗಟೆ ಬಹುಪಾಲು ಉದುರಿದೆ, ಹೊರಗಿನ ಬಿಳಿಮರ ಮೆತ್ತಗಾಗಿದೆ, ಆದರೆ ದಿಮ್ಮಿ ತನ್ನ ಭಾರವನ್ನು ತಾನೇ ಹೊರುತ್ತದೆ. ನಾಲ್ಕರಲ್ಲಿ ನೆಲದ ಏರಿಳಿತಕ್ಕೆ ತಕ್ಕಂತೆ ಕುಸಿದು ಮಲಗಿದೆ, ರೆಂಬೆಯ ಮೊಟ್ಟು ಹಿಡಿದು ಎಳೆದರೆ ಬುಡಸಮೇತ ಕೈಗೆ ಬರುತ್ತದೆ. ಐದರಲ್ಲಿ ಅದು ಕೊರಡೋ ದಿಬ್ಬವೋ ತಿಳಿಯದು. ಕಾಲಿಟ್ಟರೆ ಹೂತುಹೋಗುತ್ತದೆ, ಅಂಚು ಎಲ್ಲಿ ಮುಗಿಯಿತು ಎನ್ನುವುದನ್ನು ಕೈಯಿಂದ ಕೆದಕಿಯೇ ಗೊತ್ತುಮಾಡಬೇಕು.

ಕಣ್ಣಳತೆಯನ್ನು ನೆಚ್ಚಬಾರದೆಂದು ಚಾಕು ಚುಚ್ಚುತ್ತೇವೆ. ಅದಕ್ಕೊಂದು ಶಿಸ್ತು ಬೇಕು: ಇಡೀ ಸಮೀಕ್ಷೆಗೆ ಒಂದೇ ಚಾಕು, ಒಬ್ಬರದೇ ಕೈ. ಎತ್ತಿ ಕುಕ್ಕುವುದಲ್ಲ, ಮೊನೆಯಿಟ್ಟು ಸಮನಾಗಿ ಒತ್ತುವುದು. ಮೇಲೆ, ಎರಡು ಮಗ್ಗುಲು, ಆದಷ್ಟು ಕೆಳಗೆ, ಹೀಗೆ ನಾಲ್ಕು ಕಡೆ. ಬುಡ, ನಡು, ತುದಿ ಮೂರು ಜಾಗಗಳಲ್ಲಿ. ಹೊಕ್ಕ ಆಳವನ್ನು ಮಿಲಿಮೀಟರ್‌ನಲ್ಲಿ ಬರೆಯುತ್ತೇನೆ, ಹಂತದ ಸಂಖ್ಯೆ ಆಮೇಲೆ. ಒಂದೇ ದಿಮ್ಮಿಯ ಬುಡ ನಾಲ್ಕನೇ ಹಂತದಲ್ಲಿ, ತುದಿ ಎರಡರಲ್ಲಿ ಇರುವುದು ತೀರಾ ಸಾಮಾನ್ಯ. ಸರಾಸರಿ ಮಾಡಿ ‘3’ ಎಂದು ಬರೆದರೆ ಎರಡೂ ಕಡೆಯ ಸತ್ಯ ಹೋಯಿತು. ಉದ್ದವನ್ನು ಭಾಗ ಮಾಡಿ ಬೇರೆ ಬೇರೆಯಾಗಿ ಬರೆಯುವುದೇ ಸರಿ.

ಚಾಕು ಹೊರಗಿನಿಂದ ಒಳಕ್ಕೆ ನೋಡುತ್ತದೆ. ಬದುಕಿದ್ದಾಗಲೇ ಚೇಗು ಕೊಳೆತ ಮರ ಬಿದ್ದಾಗ ಹೊರಗೆ ಮೂರು ನಾಲ್ಕು ಸೆಂ.ಮೀ. ಗಟ್ಟಿ ಚಿಪ್ಪು, ಒಳಗೆ ಪೊಟರೆ. ಚಾಕುವಿನ ಪ್ರಕಾರ ಅದು ಒಂದನೇ ಹಂತ! ಸುತ್ತಿಗೆಯಿಂದ ತಟ್ಟಿದಾಗ ಬರುವ ಟೊಳ್ಳು ಸದ್ದು, ಮುರಿದ ತುದಿಯಲ್ಲಿ ಕಾಣುವ ಬಾಯಿ, ಇವನ್ನು ನೋಡದೆ ಹಂತ ಬರೆಯಬೇಡಿ. ಇದಕ್ಕೆ ತದ್ವಿರುದ್ಧ, ಎಣ್ಣೆ ರಾಳ ತುಂಬಿದ ಗಟ್ಟಿ ಚೇಗಿನ ಮರಗಳಲ್ಲಿ ಬಿಳಿಮರ ಪೂರ್ತಿ ಉದುರಿಹೋಗಿ ಚೇಗು ಮಾತ್ರ ಕಬ್ಬಿಣದಂತೆ ಉಳಿದಿರುತ್ತದೆ. ಚಾಕು ಇಳಿಯುವುದಿಲ್ಲ, ಆದರೆ ಮರ ಮಲಗಿ ಬಹುಕಾಲವಾಗಿದೆ. ಉದುರಿದ ಬಿಳಿಮರದ ನಷ್ಟ ಚಾಕುವಿನಲ್ಲೂ ಇಲ್ಲ, ಸಾಂದ್ರತೆಯಲ್ಲೂ ಇಲ್ಲ.

ಇನ್ನೊಂದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು: ಚಾಕು ಅಳೆಯುವುದು ಬಲವನ್ನು, ತೂಕವನ್ನಲ್ಲ. ಎರಡೂ ಜೊತೆಯಾಗಿ ಇಳಿಯುತ್ತವೆ ಎಂದುಕೊಂಡರೆ ಮೋಸ ಹೋಗುತ್ತೀರಿ. ಹೇಗೆ ಇಳಿಯುತ್ತವೆ ಎನ್ನುವುದು ಯಾವ ಶಿಲೀಂಧ್ರ ಒಳಹೊಕ್ಕಿದೆ ಎನ್ನುವುದನ್ನು ಅವಲಂಬಿಸಿದೆ.

ಬಿಳಿ ಕೊಳೆ, ಕಂದು ಕೊಳೆ

ಮರದ ಒಣತೂಕದಲ್ಲಿ ಶೇ. 40ರಿಂದ 50 ಸೆಲ್ಯುಲೋಸ್, ಶೇ. 20ರಿಂದ 30 ಹೆಮಿಸೆಲ್ಯುಲೋಸ್, ಹೆಚ್ಚುಕಡಿಮೆ ಅಷ್ಟೇ ಲಿಗ್ನಿನ್. ಲಿಗ್ನಿನ್ ಒಡೆಯುವುದು ಕಷ್ಟದ ಕೆಲಸ. ಬಿಳಿ ಕೊಳೆ ಶಿಲೀಂಧ್ರಗಳು ಪೆರಾಕ್ಸಿಡೇಸ್ ಗುಂಪಿನ ಕಿಣ್ವಗಳಿಂದ ಅದನ್ನೂ ಒಡೆದು ಮೂರನ್ನೂ ತಿಂದು ಮುಗಿಸುತ್ತವೆ. ಅಂಥ ಮರ ತಿಳಿಬಣ್ಣಕ್ಕೆ ತಿರುಗಿ, ಎಳೆಎಳೆಯಾಗಿ ಬಿಚ್ಚಿಕೊಂಡು, ಒದ್ದೆಯಾದಾಗ ಸ್ಪಂಜಿನಂತಾಗುತ್ತದೆ. ಕಂದು ಕೊಳೆಯವು ಲಿಗ್ನಿನ್ ಅನ್ನು ಮಾರ್ಪಡಿಸಿ ಬಿಟ್ಟು ಸಕ್ಕರೆ ಸರಪಳಿಗಳಾದ ಸೆಲ್ಯುಲೋಸ್, ಹೆಮಿಸೆಲ್ಯುಲೋಸ್‌ಗಳನ್ನು ಮಾತ್ರ ಎಳೆದುಕೊಳ್ಳುತ್ತವೆ. ಅವುಗಳ ಆಯುಧ ಕಬ್ಬಿಣ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಸೇರಿ ಹುಟ್ಟುವ ಹೈಡ್ರಾಕ್ಸಿಲ್ ರ‍್ಯಾಡಿಕಲ್. ಅದು ಕಿಣ್ವಕ್ಕಿಂತ ಎಷ್ಟೋ ಪಾಲು ಚಿಕ್ಕದಾದ್ದರಿಂದ ಕಿಣ್ವ ನುಗ್ಗಲಾಗದ ಕೋಶಗೋಡೆಯ ಒಳಕ್ಕೂ ಹೋಗಿ ಸೆಲ್ಯುಲೋಸನ್ನು ಮೊದಲೇ ತುಂಡರಿಸುತ್ತದೆ. ಹೀಗಾಗಿ ತೂಕ ಶೇ. 10 ಕರಗುವ ಹೊತ್ತಿಗೇ ಮರದ ಬಲದ ದೊಡ್ಡ ಪಾಲು ಹೋಗಿರುತ್ತದೆ. ಚಾಕು ಸರಾಗ ಇಳಿದು ನೀವು ಮೂರನೇ ಹಂತವೆಂದು ಬರೆದ ದಿಮ್ಮಿಯ ಸಾಂದ್ರತೆ ಒಂದನೇ ಹಂತದ ಹತ್ತಿರದಲ್ಲೇ ಇರಬಹುದು. ಬಿಳಿ ಕೊಳೆಯಲ್ಲಿ ಇದು ಉಲ್ಟಾ: ಎಳೆಗಳು ಚಾಕುವಿಗೆ ಸೆಟೆದು ನಿಲ್ಲುತ್ತವೆ, ಎತ್ತಿ ನೋಡಿದರೆ ತುಂಡು ಹಗುರ.

ಕೈಯಲ್ಲೇ ಪರೀಕ್ಷೆ ಮಾಡಬಹುದು. ಒಳಗಿನಿಂದ ಬೆರಳುಗಾತ್ರದ ಒಂದು ಚೂರು ಕೀಳಿ. ಉದ್ದಕ್ಕೂ ಅಡ್ಡಕ್ಕೂ ಬಿರುಕು ಬಿಟ್ಟು ಚೌಕ ಚೌಕವಾಗಿ ಕಳಚಿಕೊಂಡು, ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿದರೆ ನಸ್ಯದಂತೆ ಕಂದು ಪುಡಿಯಾದರೆ ಕಂದು ಕೊಳೆ. ಎಳೆಯಾಗಿ ಹಿಂಜಿದರೆ ಬಿಳಿ ಕೊಳೆ. ಬಣ್ಣ ಒಂದನ್ನೇ ನೋಡಿ ತೀರ್ಮಾನಿಸಬೇಡಿ. ಒದ್ದೆ ಬಿಳಿ ಕೊಳೆಯೂ ಕಂದಾಗಿಯೇ ಕಾಣುತ್ತದೆ. ಕೆಲವು ಬಿಳಿ ಕೊಳೆಗಳು ಮರದಲ್ಲಿ ಅಕ್ಕಿಕಾಳಿನಷ್ಟು ಬಿಳಿ ಗುಳಿಗಳನ್ನು ಮಾಡಿ ನಡುವಿನ ಮರವನ್ನು ಗಟ್ಟಿಯಾಗಿ ಬಿಟ್ಟಿರುತ್ತವೆ. ಕಂದು ಕೊಳೆ ಹೆಚ್ಚಾಗಿ ಸೂಚಿಪರ್ಣಿ ಮರಗಳಲ್ಲಿ, ಅಗಲ ಎಲೆಯ ಮರಗಳಲ್ಲಿ ಬಿಳಿಯದೇ ಮೇಲುಗೈ. ಆದರೆ ಲೀಟಿಪೋರಸ್‌ನಂಥವು ಅಗಲ ಎಲೆಯ ಮರದಲ್ಲೂ ಕಂದು ಕೊಳೆ ತರುತ್ತವೆ. ಮೂರನೆಯದು ಮೃದು ಕೊಳೆ: ಬಹಳ ಒದ್ದೆಯಾದ ಅಥವಾ ಪದೇ ಪದೇ ನೆನೆದು ಒಣಗುವ ಮರದ ಮೇಲ್ಪದರದಲ್ಲಿ. ಕಂದು ಕೊಳೆ ಉಳಿಸಿದ ಲಿಗ್ನಿನ್ ಮಣ್ಣಿನಲ್ಲಿ ಬಹುಕಾಲ ಇರುತ್ತದೆ, ಬಿಳಿ ಕೊಳೆ ಉಳಿಸುವುದು ಅತ್ಯಲ್ಪ. ಇಂಗಾಲದ ಲೆಕ್ಕ ಹಾಕುವವರು ಕೊಳೆತದ ಬಗೆಯ ಅಂಕಣವನ್ನು ಖಾಲಿ ಬಿಡುವುದು ಏಕೋ ನನಗೆ ಅರ್ಥವಾಗಿಲ್ಲ.

ದಿಮ್ಮಿ ಕೊಯ್ದಾಗ ಅಡ್ಡಕೊಯ್ತದಲ್ಲಿ ಕಪ್ಪು ಸೂಜಿಗೆರೆಗಳು ಅಂಕುಡೊಂಕಾಗಿ ಓಡುವುದು ಕಾಣುತ್ತದೆ. ಅವು ಮೆಲನಿನ್ ತುಂಬಿದ ಶಿಲೀಂಧ್ರದ ಗೋಡೆಗಳು. ಬಹಳ ಸಲ ಗೆರೆಯ ಎರಡು ಬದಿಯಲ್ಲಿ ಎರಡು ಬೇರೆ ಶಿಲೀಂಧ್ರಗಳು, ಅಥವಾ ಒಂದೇ ಪ್ರಭೇದದ ಎರಡು ವ್ಯಕ್ತಿಗಳು ಬೀಡುಬಿಟ್ಟಿರುತ್ತವೆ. ಒಂದು ಮಗ್ಗುಲು ಉಗುರಿಗೆ ಕೆರೆಯುವಷ್ಟು ಮೆತ್ತಗೆ, ಇನ್ನೊಂದು ಮಗ್ಗುಲು ಗಟ್ಟಿ. ಸಾಂದ್ರತೆಗೆಂದು ತೆಗೆದ ಚೂರು ಯಾವ ಮಗ್ಗುಲಿನದು ಎನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. ಅದಕ್ಕೇ ಚೂರಲ್ಲ, ಪೂರಾ ಬಿಲ್ಲೆ ತೆಗೆಯಬೇಕು ಎನ್ನುತ್ತೇನೆ.

ಅಣಬೆಯನ್ನು ಎಷ್ಟು ನಂಬಬೇಕು

ಹೊರಗೆ ಕಾಣುವ ಅಣಬೆ ಶಿಲೀಂಧ್ರದ ಫಲ ಮಾತ್ರ. ಕೆಲಸ ನಡೆಯುವುದು ಒಳಗೆ, ಕೆಲವೇ ಮೈಕ್ರೋಮೀಟರ್ ದಪ್ಪದ ತಂತುಗಳಲ್ಲಿ. ಮರದ ಪುಡಿಯ ಡಿಎನ್‌ಎ ಓದಿಸಿದರೆ, ಹೊರಗೆ ಒಂದೆರಡು ಅಣಬೆಯಷ್ಟೇ ಕಾಣುವ ದಿಮ್ಮಿಯಲ್ಲೂ ಹತ್ತಾರು ಪ್ರಭೇದಗಳು ಸಿಗುತ್ತವೆ. ಹಾಗೆಂದು ಅಣಬೆ ನೋಡುವುದು ವ್ಯರ್ಥವಲ್ಲ. ಯಾವುದಕ್ಕೆ ಫಲ ಕಟ್ಟುವಷ್ಟು ಮರ ದಕ್ಕಿದೆ ಎನ್ನುವುದನ್ನು ಅದು ಹೇಳುತ್ತದೆ.

ಗ್ಯಾನೊಡರ್ಮಾ, ಫೆಲ್ಲಿನಸ್‌ನಂಥ ಬಹುವಾರ್ಷಿಕ ಗಟ್ಟಿ ಅಣಬೆಗಳು ಯಾವಾಗ ಹೋದರೂ ಸಿಗುತ್ತವೆ. ಮೆತ್ತನೆಯವು ಮಳೆ ಬಿದ್ದ ಕೆಲವು ದಿನಗಳಲ್ಲಿ ಹುಟ್ಟಿ ಕರಗುತ್ತವೆ. ಒಂದೇ ಭೇಟಿಯ ಪಟ್ಟಿಯಲ್ಲಿ ಗಟ್ಟಿಯವೇ ತುಂಬಿರುತ್ತವೆ. ಆ ಕಾಡಿನಲ್ಲಿ ಅವೇ ಹೆಚ್ಚು ಎಂದು ಅದರಿಂದ ಹೇಳಲಾಗದು. ಬಿಸಿಲು ಬೀಳುವ ಒಣ ಕೊಂಬೆಯಲ್ಲಿ ಮೊದಲು ಬರುವುದು ಸಾಮಾನ್ಯವಾಗಿ ಸ್ಕಿಜೊಫಿಲಮ್ ಕಮ್ಯೂನ್, ಕೆಳಗಿನ ಪಟ್ಟಿಗಳು ಉದ್ದಕ್ಕೆ ಸೀಳಿರುವ ಪುಟ್ಟ ಬೂದು ಬೀಸಣಿಗೆ. ಝೈಲೇರಿಯಾ ಎಂಬ ಅಣಬೆ ಕಂಡರೆ ಮರ ನೆಲಕ್ಕೆ ತಾಗಿ ಸಾಕಷ್ಟು ಕಾಲವಾಗಿರುತ್ತದೆ. ಕೊರಡಿನ ಪಕ್ಕದ ನೆಲದಿಂದ ಎದ್ದ ಅಣಬೆ ಕೊರಡಿನದು ಎಂದು ಬರೆಯುವ ಮೊದಲು ಬುಡ ಬಗೆದು ನೋಡಿ. ಹಲವು ನೆಲದ ಅಣಬೆಗಳು ಬದುಕಿರುವ ಮರಗಳ ಬೇರಿನ ಸಂಗಾತಿಗಳು, ಕೊಳೆಸುವವಲ್ಲ. ಟರ್ಮಿಟೊಮೈಸಿಸ್ ಎಂಬ ಅಣಬೆ ಬರುವುದು ನೆಲದಡಿಯ ಗೆದ್ದಲಿನ ಗೂಡಿನಿಂದ.

ಅಣಬೆಯ ನಿಲುವನ್ನು ತಪ್ಪದೆ ನೋಡುತ್ತೇನೆ. ತಟ್ಟೆಯಂಥ ಅಣಬೆಗಳ ರಂಧ್ರದ ಮುಖ ಸದಾ ನೆಲಕ್ಕೆ ಎದುರಾಗಿಯೇ ಬೆಳೆಯುತ್ತದೆ, ಬೀಜಕಣ ಉದುರಲು ಅದು ಬೇಕು. ಮಲಗಿದ ದಿಮ್ಮಿಯಲ್ಲಿ ಹಳೆಯ ಗ್ಯಾನೊಡರ್ಮಾದ ರಂಧ್ರಮುಖ ಪಕ್ಕಕ್ಕೆ ತಿರುಗಿದ್ದರೆ, ಮರ ನಿಂತಿದ್ದಾಗಲೇ ಅದು ಹುಟ್ಟಿತ್ತು ಎಂದರ್ಥ. ಅದರ ಅಂಚಿನಿಂದ 90 ಡಿಗ್ರಿ ತಿರುಗಿದ ಹೊಸ ಪದರ ಬಂದು ಮತ್ತೆ ಕೆಳಮುಖವಾಗಿದ್ದರೆ, ಮರ ಬಿದ್ದ ಮೇಲೂ ಶಿಲೀಂಧ್ರ ಬದುಕಿದೆ. ಎಲ್ಲ ಅಣಬೆಗಳೂ ಈಗಿನ ಕೆಳಮುಖದಲ್ಲೇ ಇದ್ದರೆ ಅವು ಬಿದ್ದ ನಂತರ ಮೂಡಿದವು. ಮರ ನಿಂತೇ ಕೊಳೆಯಲು ಶುರುವಾಯಿತೇ, ಬಿದ್ದ ಮೇಲೋ ಎನ್ನುವುದಕ್ಕೆ ಇದಕ್ಕಿಂತ ಅಗ್ಗದ ಸಾಕ್ಷಿ ಇಲ್ಲ. ಪದರಗಳನ್ನು ಎಣಿಸಿ ವರ್ಷ ಹೇಳುವ ಗೋಜಿಗೆ ಮಾತ್ರ ಹೋಗಬೇಡಿ. ವರ್ಷವಿಡೀ ಬೆಚ್ಚಗಿರುವ ಕಾಡಿನಲ್ಲಿ ಪದರಕ್ಕೂ ವರ್ಷಕ್ಕೂ ತಾಳೆಯಾಗುವುದಿಲ್ಲ.

ಗುರುತಿಸಲು ಬೇಕಾದದ್ದು ಮೇಲ್ಮೈಯ ಚಂದದ ಫೋಟೊ ಅಲ್ಲ. ರಂಧ್ರದ ಮುಖ, ಸೀಳಿದ ಒಳಭಾಗ, ಮರಕ್ಕೆ ಅಂಟಿದ ಬಗೆ, ಪಕ್ಕದಲ್ಲಿ ಮಿ.ಮೀ. ಪಟ್ಟಿ ಇವಿಷ್ಟೂ ಬೇಕು. 10 ಪಟ್ಟು ದೊಡ್ಡದು ಮಾಡುವ ಮಸೂರದಲ್ಲಿ ಒಂದು ಮಿ.ಮೀ.ಗೆ ಎಷ್ಟು ರಂಧ್ರ ಎಂದು ಮೂರು ಕಡೆ ಎಣಿಸಿ. ಒಳತಿರುಳಿನ ಮೇಲೆ ಶೇ. 5ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಒಂದು ಹನಿ ಬಿಟ್ಟಾಗ ಕೂಡಲೇ ಕಪ್ಪಾದರೆ ಫೆಲ್ಲಿನಸ್ ಬಳಗದ ಕಡೆ ನೋಡಿ. ಅದು ಚರ್ಮ ಸುಡುವ ದ್ರಾವಣ, ಕೈಗವಸು ಕನ್ನಡಕ ಬೇಕು. ಮಾದರಿಯನ್ನು ಕಾಗದದ ಲಕೋಟೆಯಲ್ಲಿ ಹಾಕಿ. ಪ್ಲಾಸ್ಟಿಕ್ಕಿನಲ್ಲಿ ಹಾಕಿದರೆ ಸಂಜೆಯೊಳಗೆ ಬೂಷ್ಟು ಮತ್ತು ಹುಳು. 40ರಿಂದ 45 ಡಿಗ್ರಿಯಲ್ಲಿ ಒಣಗಿಸಿ.

ಡಿಎನ್‌ಎಗೆ ಮರದ ಪುಡಿ ತೆಗೆಯುವುದಾದರೆ ಮೊದಲು ಮೇಲ್ಪದರ ಕೆತ್ತಿ ತೆಗೆಯಿರಿ, ಡ್ರಿಲ್ ಮೊನೆಯನ್ನು ಪ್ರತಿ ರಂಧ್ರಕ್ಕೂ ಮುಂಚೆ ಸುಟ್ಟು ಆರಿಸಿ, ನಿಧಾನ ವೇಗದಲ್ಲಿ ತಿರುಗಿಸಿ. ಹೊಗೆ ವಾಸನೆ ಬಂತೆಂದರೆ ಆ ಪುಡಿ ಬೇಡ.

ಬಿಲ್ಲೆ, ನೀರು, ಒಲೆ

ಸಾಂದ್ರತೆಗೆ ದಿಮ್ಮಿಯಿಂದ 3ರಿಂದ 5 ಸೆಂ.ಮೀ. ದಪ್ಪದ ಬಿಲ್ಲೆ ಕೊಯ್ಯುತ್ತೇನೆ. ತುದಿಯಿಂದ 50 ಸೆಂ.ಮೀ. ಒಳಗೆ ಕೊಯ್ಯಬೇಕು, ತುದಿಯ ಮರ ಒಣಗಿ ನೆನೆದು ಬೇರೆಯದೇ ಲೆಕ್ಕದಲ್ಲಿರುತ್ತದೆ. ನಾಲ್ಕು ಐದನೇ ಹಂತದ್ದು ಗರಗಸಕ್ಕೆ ನಿಲ್ಲುವುದಿಲ್ಲ, ಕೊಯ್ಯುವಾಗಲೇ ಪುಡಿಯಾಗುತ್ತದೆ. ಅದಕ್ಕೆ ಅಂಚು ಹರಿತ ಮಾಡಿದ, ಗಾತ್ರ ಗೊತ್ತಿರುವ ಲೋಹದ ಉಂಗುರವನ್ನು ನಿಧಾನಕ್ಕೆ ತಿರುಗಿಸುತ್ತಾ ಒತ್ತಿ, ಒಳಗಿನದನ್ನು ಪೂರ್ತಿ ತೆಗೆಯಬೇಕು. ಜೋರಾಗಿ ಬಡಿದರೆ ಮರ ಅಡಕವಾಗಿ ಸಾಂದ್ರತೆ ಸುಳ್ಳೇ ಏರುತ್ತದೆ.

ಬಿಲ್ಲೆಯ ಘನಗಾತ್ರವನ್ನು ನೀರಿನಿಂದ ತೆಗೆಯುವುದು ನೆಮ್ಮದಿ. ನೀರು ತುಂಬಿದ ಪಾತ್ರೆಯನ್ನು ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತನ್ನಿ. ತುಂಡನ್ನು ತೆಳು ಪ್ಲಾಸ್ಟಿಕ್ ಹಾಳೆಯಲ್ಲಿ ಗಾಳಿ ನಿಲ್ಲದಂತೆ ಬಿಗಿಯಾಗಿ ಸುತ್ತಿ, ಸಪೂರ ಸೂಜಿಯಿಂದ ಒತ್ತಿ ಪೂರ್ತಿ ಮುಳುಗಿಸಿ. ಪಾತ್ರೆಯ ತಳಕ್ಕಾಗಲೀ ಗೋಡೆಗಾಗಲೀ ತಾಗಬಾರದು. ಆ ಕ್ಷಣ ತಕ್ಕಡಿ ತೋರಿಸುವ ಗ್ರಾಂಗಳೇ ತುಂಡಿನ ಘನ ಸೆಂ.ಮೀ. ತುಂಡು ತೇಲಿದರೂ ಚಿಂತೆಯಿಲ್ಲ, ಒತ್ತಿ ಮುಳುಗಿಸಿದರೆ ಸಾಕು. ಹಾಳೆಯ ಮಡಿಕೆಯಲ್ಲಿ ಸಿಕ್ಕ ಗಾಳಿಗುಳ್ಳೆ ಇಲ್ಲಿಯ ದೊಡ್ಡ ತಪ್ಪು. ಗಾತ್ರ ಹೆಚ್ಚಾಗಿ ಬರುತ್ತದೆ, ಸಾಂದ್ರತೆ ಕುಸಿಯುತ್ತದೆ. ಮೂರು ಸಲ ಮುಳುಗಿಸಿ ನೋಡಿ, ಶೇ. 2ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಮತ್ತೆ ಸುತ್ತಿ. ಗಾತ್ರ ಹಸಿಯಾಗಿದ್ದಾಗಲೇ ತೆಗೆಯಬೇಕು, ಒಣಗಿಸಿದ ಮೇಲೆ ಕೊಳೆತ ಮರ ವಿಪರೀತ ಕುಗ್ಗುತ್ತದೆ. ಆಮೇಲೆ ಒಲೆ: 103ರಿಂದ 105 ಡಿಗ್ರಿ, ಎರಡು ತೂಕಗಳ ನಡುವೆ ವ್ಯತ್ಯಾಸ ನಿಲ್ಲುವವರೆಗೆ. ದಪ್ಪ ಬಿಲ್ಲೆಗೆ 48 ಗಂಟೆ ಸಾಲದೇ ಹೋಗಬಹುದು.

ತೇವಾಂಶವನ್ನೂ ಇದೇ ತೂಕಗಳಿಂದ ತೆಗೆಯುತ್ತೇನೆ: ನೀರಿನ ತೂಕವನ್ನು ಒಣತೂಕದಿಂದ ಭಾಗಿಸಿ ನೂರರಿಂದ ಗುಣಿಸುವುದು. ಕೊಳೆತ ಕೊರಡಿನಲ್ಲಿ ಇದು ಶೇ. 200 ದಾಟಿದರೂ ಗಾಬರಿ ಬೇಡ. ಒಂದು ಕಿಲೊ ಮರ ಎರಡು ಕಿಲೊ ನೀರು ಹಿಡಿದಿದೆ, ಅಷ್ಟೇ. ಮುಳ್ಳು ಚುಚ್ಚಿ ಅಂಕಿ ತೋರಿಸುವ ವಿದ್ಯುತ್ ಮೀಟರ್ ಶೇ. 30ರ ಮೇಲೆ ನಂಬಿಕೆಗೆ ಅರ್ಹವಲ್ಲ, ನಮ್ಮ ಕೆಲಸವೆಲ್ಲ ಅದರ ಮೇಲೆಯೇ. ಶೇ. 20ರ ಕೆಳಗೆ ಕೊಳೆತ ನಿಂತೇಹೋಗುತ್ತದೆ, ನೀರು ತುಂಬಿ ತುಳುಕಿದರೆ ಆಮ್ಲಜನಕವಿಲ್ಲದೆ ಕುಂಟುತ್ತದೆ. ದಿಮ್ಮಿಯ ಎಷ್ಟು ಭಾಗ ನೆಲಕ್ಕೆ ತಾಗಿದೆ ಎಂದು ಬರೆದುಕೊಳ್ಳಲು ಕಾರಣ ಇದೇ: ಕಲ್ಲಿನ ಮೇಲೆ ಅಡ್ಡಬಿದ್ದು ಗಾಳಿಯಲ್ಲಿ ನಿಂತ ತುಂಡು ಒಣಗಿಯೇ ಉಳಿದುಬಿಡುತ್ತದೆ.

ಗೆದ್ದಲಿದ್ದ ಕಡೆ ಇನ್ನೊಂದು ಕುಣಿಕೆ. ಅವು ತಿಂದು ಖಾಲಿ ಮಾಡಿದ ಜಾಗಕ್ಕೆ ಮಣ್ಣು ಮೆತ್ತುತ್ತವೆ. ಚಾಕು ಮಣ್ಣಿಗೆ ತಾಗಿ ನಿಲ್ಲುತ್ತದೆ, ಬಿಲ್ಲೆ ಭಾರವಾಗಿ ತೂಗುತ್ತದೆ, ಮುಕ್ಕಾಲು ಪಾಲು ತಿಂದುಹೋದ ದಿಮ್ಮಿಯ ಸಾಂದ್ರತೆ ಹಸಿಮರಕ್ಕಿಂತ ಹೆಚ್ಚು ಬಂದರೂ ಬರಬಹುದು. ಪರಿಹಾರ ಬೂದಿ. ಒಣಗಿದ ಮಾದರಿಯನ್ನು ಅರೆದು 2 ಗ್ರಾಂ ತೂಗಿ, 550 ಡಿಗ್ರಿಯಲ್ಲಿ 4 ಗಂಟೆ ಸುಡಿ. ಉಳಿದದ್ದು ಶೇಕಡಾ ಎಷ್ಟೋ ಅಷ್ಟು ಪಾಲನ್ನು ಒಟ್ಟು ತೂಕದಿಂದ ಕಳೆಯಿರಿ. ಶುದ್ಧ ಮರದ ಬೂದಿ ಸಾಮಾನ್ಯವಾಗಿ ಶೇ. 1ರ ಆಸುಪಾಸು, ಶೇ. 15 ಬಂದರೆ ಅದು ಮರದ್ದಲ್ಲ, ಮಣ್ಣು. ಕಳೆದ ಮೇಲೆ ಉಳಿದ ತೂಕದ ಅರ್ಧದಷ್ಟನ್ನು ಇಂಗಾಲವೆಂದು ಹಿಡಿಯುವುದು ರೂಢಿ.

ತರಗೆಲೆ ಚೀಲ

ಉದುರಿದ ಎಲೆ ಎಷ್ಟು ಬೇಗ ಕೊಳೆಯುತ್ತದೆ ಎಂದು ಅಳೆಯುವುದು ಮರಕ್ಕಿಂತ ಸರಳ, ಹಾಗಾಗಿ ಚಿಕ್ಕದಾಗಿ ಹೇಳುತ್ತೇನೆ. 20 ಸೆಂ.ಮೀ. ಚೌಕದ, 2 ಮಿ.ಮೀ. ಕಣ್ಣಿನ ನೈಲಾನ್ ಬಲೆಯ ಚೀಲ. ಅದರಲ್ಲಿ ಆಗಷ್ಟೇ ಉದುರಿ ಗಾಳಿಗೆ ಒಣಗಿದ ಎಲೆ 10 ಗ್ರಾಂ. ಮರದಿಂದ ಕಿತ್ತ ಹಸಿರೆಲೆ ಬೇಡ. ಉದುರುವ ಮುನ್ನ ಮರ ಅದರ ಸಾರಜನಕವನ್ನು ವಾಪಸ್ ಎಳೆದುಕೊಳ್ಳುವುದರಿಂದ ಹಸಿರೆಲೆ ಬೇಗ ಕೊಳೆಯುತ್ತದೆ. ಗಾಳಿಗೆ ಒಣಗಿದ್ದರಲ್ಲೂ ನೀರಿರುತ್ತದೆ, ಒಂದಷ್ಟನ್ನು 65 ಡಿಗ್ರಿಯಲ್ಲಿ ಒಣಗಿಸಿ ಪ್ರಮಾಣ ತಿಳಿದುಕೊಳ್ಳಿ. ಐದು ಚೀಲಗಳನ್ನು ಕಾಡಿಗೆ ಒಯ್ದು ಇಟ್ಟು ಅದೇ ದಿನ ವಾಪಸ್ ತಂದು ತೂಗಿ. ಸಾಗಣೆಯಲ್ಲೇ ಉದುರಿದ ಪುಡಿ ಎಷ್ಟು ಎನ್ನುವುದು ಅದರಿಂದಲೇ ಗೊತ್ತಾಗುವುದು, ಇದನ್ನು ಬಿಡುವವರು ಬಹಳ. ಬೆಚ್ಚಗಿನ ತೇವದ ಕಾಡಿನಲ್ಲಿ 1, 2, 3, 6, 9, 12ನೇ ತಿಂಗಳಲ್ಲಿ ಐದೈದು ಚೀಲ ಎತ್ತುತ್ತೇನೆ, ಮೊದಲ ತಿಂಗಳುಗಳಲ್ಲೇ ಓಟ ಹೆಚ್ಚು. ಒಳನುಗ್ಗಿದ ಬೇರುಗಳನ್ನು ಚಿಮಟದಿಂದ ತೆಗೆದು, ಮಣ್ಣಿಗೆ ಇಲ್ಲೂ ಬೂದಿಯ ತಿದ್ದುಪಡಿ ಮಾಡಬೇಕು. ಗೆದ್ದಲು ನೈಲಾನನ್ನೂ ಕತ್ತರಿಸುವ ಕಡೆ ಸ್ಟೀಲ್ ಬಲೆಯೇ ಗತಿ.

ವೇಗದ ಲೆಕ್ಕ 1963ರಲ್ಲಿ ಓಲ್ಸನ್ ಕೊಟ್ಟದ್ದು. ಉಳಿದ ಪಾಲಿನ ಸ್ವಾಭಾವಿಕ ಲಾಗರಿದಮ್ ತೆಗೆದು ವರ್ಷದಿಂದ ಭಾಗಿಸಿ ಚಿಹ್ನೆ ಬದಲಿಸಿ. 10 ಗ್ರಾಂ 6 ತಿಂಗಳಲ್ಲಿ 4.5 ಆದರೆ ವೇಗ ವರ್ಷಕ್ಕೆ 1.6. 0.693ನ್ನು ಅದರಿಂದ ಭಾಗಿಸಿದರೆ ಅರ್ಧ ಕರಗಲು 0.43 ವರ್ಷ, ಐದು ತಿಂಗಳ ಮೇಲೆ ಚೂರು. ಆದರೆ ಕೊನೆಕೊನೆಗೆ ಲಿಗ್ನಿನ್ ಹೆಚ್ಚಿದ ಭಾಗವೇ ಉಳಿದು ವೇಗ ಇಳಿಯುತ್ತದೆ, ಒಂದೇ ವೇಗವನ್ನು ಕೊನೆವರೆಗೂ ಎಳೆಯಬೇಡಿ. ಮರಕ್ಕೆ ಹೋಲಿಸಿಕೊಳ್ಳಲು: ಆರು ಖಂಡಗಳ 55 ಕಡೆ ತೆಳು ಕಟ್ಟಿಗೆ ಇಟ್ಟು ನೋಡಿ 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ವರ್ಷಕ್ಕೆ ಉಷ್ಣವಲಯದಲ್ಲಿ ಶೇ. 28, ಸಮಶೀತೋಷ್ಣದಲ್ಲಿ ಶೇ. 6, ಉತ್ತರದ ಬೋರಿಯಲ್ ಕಾಡುಗಳಲ್ಲಿ ಶೇ. 3ರಷ್ಟು ತೂಕ ಹೋಗಿತ್ತು. ದಪ್ಪ ದಿಮ್ಮಿ ಇದಕ್ಕಿಂತ ನಿಧಾನ.

ಮತ್ತೆ ಹೋಗಿ ಅಳೆಯುವುದು

ಬೇರೆ ಬೇರೆ ವಯಸ್ಸಿನ ಕೊರಡುಗಳನ್ನು ಒಂದೇ ದಿನ ಅಳೆದು ಸಾಲಾಗಿ ಜೋಡಿಸಿ ವೇಗ ಹೇಳುವುದು ಬೇಗ ಮುಗಿಯುವ ಕೆಲಸ, ಆದರೆ ಅದರಲ್ಲಿ ಒಂದು ತೂತಿದೆ: ಬೇಗ ಕೊಳೆತವು ಅಷ್ಟರಲ್ಲಿ ಮಾಯವಾಗಿರುತ್ತವೆ, ಉಳಿದ ಜಿಗುಟು ಕೊರಡುಗಳು ಮಾತ್ರ ಲೆಕ್ಕಕ್ಕೆ ಸಿಗುತ್ತವೆ. ವೇಗ ಇರುವುದಕ್ಕಿಂತ ಕಡಿಮೆ ಬರುತ್ತದೆ. ಗುರುತು ಹಾಕಿದ ಅದೇ ಕೊರಡಿಗೆ ಮತ್ತೆ ಮತ್ತೆ ಹೋಗುವುದೇ ಖಚಿತ ದಾರಿ. ಒರೆಗಾನ್‌ನ ಎಚ್.ಜೆ. ಆಂಡ್ರ್ಯೂಸ್ ಪ್ರಾಯೋಗಿಕ ಕಾಡಿನಲ್ಲಿ 1985ರಲ್ಲಿ ಶುರುವಾದ ದಿಮ್ಮಿ ಪ್ರಯೋಗವನ್ನು 200 ವರ್ಷಕ್ಕೆಂದು ಯೋಜಿಸಿದ್ದಾರೆ. ನಮಗೆ ಐದು ಹತ್ತು ವರ್ಷದ ತಾಳ್ಮೆ ಇದ್ದರೂ ಸಾಕು.

ಗುರುತಿಗೆ ಅಂಕಿ ಒತ್ತಿದ ಅಲ್ಯೂಮಿನಿಯಂ ಬಿಲ್ಲೆ ಬೇಕು, ಕಾಗದ ಬಣ್ಣ ಯಾವುದೂ ನಿಲ್ಲುವುದಿಲ್ಲ. ಮರ ಮೆತ್ತಗಾದಂತೆ ಮೊಳೆ ಜಾರಿ ಬೀಳುತ್ತದೆ, ಆದ್ದರಿಂದ ದಿಮ್ಮಿಯ ಸುತ್ತ ಸ್ಟೀಲ್ ತಂತಿ ಕಟ್ಟಿ, ಪಕ್ಕದಲ್ಲೊಂದು ಗೂಟವನ್ನೂ ನೆಡುತ್ತೇನೆ. ದಟ್ಟ ಮರಗಳಡಿ ಜಿಪಿಎಸ್ 5ರಿಂದ 10 ಮೀಟರ್ ಆಚೀಚೆ ತೋರಿಸುತ್ತದೆ. ಬದುಕಿರುವ ಒಂದು ದೊಡ್ಡ ಮರದಿಂದ ದಿಕ್ಸೂಚಿಯ ಕೋನ ಮತ್ತು ದೂರ ಬರೆದಿಟ್ಟರೆ ಹುಡುಕಾಟ ತಪ್ಪುತ್ತದೆ. ಕೊರಡು ಹೊರಳಿಸುವಾಗ ಆಚೆ ಬದಿ ಹಿಡಿದು ನಿಮ್ಮ ಕಡೆಗೇ ಎತ್ತಿ, ಅಡಿಯಲ್ಲಿ ಹಾವೋ ಚೇಳೋ ಇದ್ದರೆ ಅದಕ್ಕೆ ಆಚೆಗೆ ದಾರಿ ಸಿಗುತ್ತದೆ. ನೋಡಿದ ಮೇಲೆ ಇದ್ದ ಹಾಗೆಯೇ ಮಲಗಿಸಿ. ಮಗುಚಿಟ್ಟರೆ ಅಡಿಯ ತೇವವೂ ತಂತುಗಳೂ ಒಣಗಿ ಮುಂದಿನ ಅಳತೆ ಕೆಡುತ್ತದೆ. ಒಣಗಿ ನಿಂತ ಮರಗಳ ಕೆಳಗೆ ಗಾಳಿಯ ದಿನ ಕೆಲಸ ಬೇಡವೇ ಬೇಡ.

ಗುರುತು ಹಾಕಿದ ಕೊರಡಿನಿಂದಲೇ ಬಿಲ್ಲೆ ಕೊಯ್ಯಬೇಡಿ. ಕೊಯ್ದ ಬಾಯಿಯಿಂದ ಒಣಗಲು, ಹೊಸ ಶಿಲೀಂಧ್ರ ಹೊಗಲು ದಾರಿಯಾಗುತ್ತದೆ. ಪಕ್ಕದಲ್ಲೇ ಅದೇ ಜಾತಿಯ, ಅದೇ ಹಂತದ ಬೇರೆ ಕೊರಡುಗಳನ್ನು ಬಲಿಗೆಂದು ಆರಿಸಿಕೊಂಡು ಹಂತಕ್ಕೆ ಕನಿಷ್ಠ ಐದರಿಂದ ಸಾಂದ್ರತೆ ತೆಗೆಯಿರಿ. ಗುರುತಿನ ಕೊರಡಿನಲ್ಲಿ ಉದ್ದ, ಮೂರು ಕಡೆ ಅಗಲ ಮತ್ತು ಎತ್ತರ, ಚಾಕುವಿನ ಆಳ, ಕೊಳೆತದ ಬಗೆ, ಅಣಬೆಗಳು ಮಾತ್ರ. ಉದ್ದ ಅಗಲ ಮತ್ತೆ ಅಳೆಯುವುದನ್ನು ತಪ್ಪಿಸಬೇಡಿ. ಉದುರಿಹೋದ ಬಿಳಿಮರದ ನಷ್ಟ ಸಿಗುವುದು ಅಲ್ಲಿ ಮಾತ್ರ. ಹೋದಾಗ ಗೂಟ ಇದ್ದು ಕೊರಡು ಇಲ್ಲದಿದ್ದರೆ ಆ ಸಾಲನ್ನು ಹಾಳೆಯಿಂದ ಅಳಿಸದೆ, ಒಯ್ದ ಅಥವಾ ಸುಟ್ಟ ಕುರುಹು ಇದೆಯೇ ಎಂದು ಸುತ್ತ ನೋಡಿ. ಕುರುಹು ಇದ್ದರೆ ‘ತೆಗೆಯಲಾಗಿದೆ’ ಎಂದು ಬರೆದು ವೇಗದ ಲೆಕ್ಕದಿಂದ ಹೊರಗಿಡಬೇಕು, ಇಲ್ಲದಿದ್ದರೆ ಗಾತ್ರದ ಅಂಕಣದಲ್ಲಿ 0 ಬರೆದು ಲೆಕ್ಕದೊಳಗೇ ಉಳಿಸಿಕೊಳ್ಳಬೇಕು.